ಹೊಡೆದುಹಾಕಿದ ಸಾಲು

"ಕುಡಿಸಬೇಕು ಅಂತ ದುಂಡಗೆ ಅಚ್ಚಾಗಿದೆಯಲ್ರೀ ಇಲ್ಲಿ! ನೀವೇನು ಮದ್ದು ಬರೆದಿಡ್ತಿದ್ರೋ, ವಿಷ ಬರೆದಿಡ್ತಿದ್ರೋ?"

ಇನ್ಸ್‌ಪೆಕ್ಟರ್ ಜವರಪ್ಪ ಮೇಜಿಗೆ ಕೊಟ್ಟ ಗುದ್ದಿಗೆ ಕಾಫಿ ಲೋಟ ಉರುಳಿತು. ಕಾಫಿ ಕಂಪ್ಯೂಟರಿನವರೆಗೆ ಹರಿಯುವ ಮೊದಲೇ ಹೆಡ್ ಕಾನ್‌ಸ್ಟೇಬಲ್ ಸಣ್ಣಮಾದಯ್ಯ ಕರ್ಚೀಫು ತೆಗೆದು ಒರೆಸಿದ. ಈ ಸಾಹೇಬರ ಹಿಂದೆ ತಿರುಗುವವನಿಗೆ ಲಾಠಿಗಿಂತ ಕರ್ಚೀಫೇ ಹೆಚ್ಚು ಬಳಕೆಗೆ ಬರುತ್ತಿತ್ತು.

ಚಾಮರಾಜಪುರಂನ ಆ ಎರಡು ಕೋಣೆಯ ಕಚೇರಿ ನಾಟಿಮದ್ದು ದಾಖಲೆ ಟ್ರಸ್ಟಿನದು. ಹಳ್ಳಿಗಳಲ್ಲಿ ಮದ್ದು ಕೊಡುವ ಮುದುಕ ಮುದುಕಿಯರ ಮಾತನ್ನು ಕೇಳಿ ಬರೆದಿಡುವುದು ಅದರ ಕೆಲಸ. ಟ್ರಸ್ಟಿನ ಅಧ್ಯಕ್ಷೆ ಗಿರಿಜಾಂಬಾ ಮೊನ್ನೆ ಬೆಳಿಗ್ಗೆ ಸಿದ್ಧಾರ್ಥನಗರದ ತಮ್ಮ ಮನೆಯಲ್ಲಿ ವತ್ಸನಾಭಿ ಎಂಬ ವಿಷಬೇರಿನ ಕಷಾಯ ಕುಡಿದು ಸತ್ತಿದ್ದರು. ಹಾಸಿಗೆಯ ಹತ್ತಿರ ಸಿಕ್ಕಿದ್ದು ಈ ಒಂದು ಪುಟ. ಅದನ್ನು ಮುದ್ರಿಸಿ ಕೊಟ್ಟವಳು ಟ್ರಸ್ಟಿನ ಸಹಾಯಕಿ ಸುಷ್ಮಾ. ಇವತ್ತು ಹಾಲಿನವನು ಬರುವ ಹೊತ್ತಿಗೇ ಜವರಪ್ಪ ಅವಳನ್ನು ಠಾಣೆಗೆ ಕರೆತಂದು ಕೂರಿಸಿದ್ದ. ಸಂಜೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದರೆ ಆ ಹುಡುಗಿ ಕೊಲೆ ಆರೋಪಿ.

ಕಿಟಕಿಯ ಬಳಿ ನಿಂತಿದ್ದ ಮೃತ್ಯುಂಜಯ ಮಿಸುಕಲಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ನಿವೃತ್ತರಾದ ಮೇಷ್ಟ್ರು. ಟ್ರಸ್ಟಿನ ದಾಖಲೆ ಕೆಲಸವೆಲ್ಲ ಅವರ ತಲೆಯ ಮೇಲೆ.

"ಇನ್ಸ್‌ಪೆಕ್ಟ್ರೇ, ಆ ಸಾಲು ನಮ್ಮಲ್ಲಿದೆ. ಇಲ್ಲ ಅನ್ನಲ್ಲ. ಆದರೆ ಅದು ಹೊಡೆದುಹಾಕಿದ ಸಾಲು."

"ಹೊಡೆದುಹಾಕಿದ್ದು ಇಲ್ಲಿ ಹೆಂಗ್ರೀ ಬಂತು? ದೆವ್ವ ಬರೀತಾ?"

"ದೆವ್ವ ಅಲ್ಲ." ಮೇಷ್ಟ್ರು ಮೂಲೆಯ ಕುರ್ಚಿಗೆ ಬೆರಳು ಮಾಡಿದರು. "ಇವರ ಪೆಟ್ಟಿಗೆ."

ಕುರ್ಚಿಯಲ್ಲಿದ್ದ ನಾಗಾರ್ಜುನ ತೊಡೆಯ ಮೇಲಿನ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. ಟಿಪ್ಪಣಿ ಬರೆದಿಡುವ ಸಾಫ್ಟ್‌ವೇರ್ ಮಾರುವವನು ಅವನು. ಗಿರಿಜಾಂಬಾ ಇದ್ದ ಬೀದಿಯವನೇ.

"ಮೇಷ್ಟ್ರೇ, ನಾಲಿಗೆ ಬಿಗಿ ಹಿಡಿದು ಮಾತಾಡಿ. ಅಮ್ನೋರು ನನಗೆ ತಾಯಿ ಸಮಾನ."

"ಇಬ್ಬರೂ ಸುಮ್ನಿರಿ!" ಜವರಪ್ಪ ಗುಡುಗಿದ. "ನಾನು ಹಳ್ಳಿ ಸ್ಕೂಲಲ್ಲಿ ಓದಿದೋನು. ಸ್ಲೇಟಲ್ಲಿ ಒರೆಸಿದ್ದು ಒರೆಸಿದಂಗೇ ಹೋಗ್ತಿತ್ತು. ಹೋದದ್ದು ವಾಪಸ್ ಬರೋ ವಿದ್ಯೆ ನನಗೆ ತಿಳೀದು. ಬಿಡಿಸಿ ಹೇಳ್ರೀ ಮೇಷ್ಟ್ರೇ."

ಮೃತ್ಯುಂಜಯ ಕಂಪ್ಯೂಟರಿನ ಮುಂದೆ ಕೂತರು. ಪರದೆಯ ಮೇಲೆ ಬಣ್ಣವಿಲ್ಲ, ಚಿತ್ರವಿಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರ. ತಲೆಬರಹದ ಮುಂದೆ ಒಂದು ಹ್ಯಾಶ್ ಗುರುತು, ಗಿಡದ ಹೆಸರಿನ ಅಕ್ಕಪಕ್ಕ ನಕ್ಷತ್ರ. ನಡುವೆ ಈ ಎರಡು ಸಾಲು:

-ಬೇರು ಜಜ್ಜಿ ಕಾಸಿ ಕುಡಿಸಬೇಕು-
ಬೇರನ್ನು ಎಣ್ಣೆಯಲ್ಲಿ ತೇಯ್ದು ಮಂಡಿಗೆ ಹಚ್ಚಬೇಕು

"ಈ ಮದ್ದು ಹೇಳಿದವಳು ಕೋಟೆ ತಾಲ್ಲೂಕಿನ ಮುದ್ದಮ್ಮ. ಮೊದಲು ಕುಡಿಸಬೇಕು ಅಂದಳು. ಮರುಗಳಿಗೆಗೇ ಹಣೆ ಚಚ್ಚಿಕೊಂಡು, 'ಅಯ್ಯೋ, ನನ್ ಬಾಯ್ಗೆ ಮಣ್ಣಾಕ, ಕುಡ್ಸಾದು ಬ್ಯಾರೆ ಬೇರು ಕಣಪ್ಪ. ಇದ ಕುಡುಸ್ಬುಟ್ರೆ ಜೀವ ಉಳಿಯಾಕಿಲ್ಲ, ಇದು ಹಚ್ಚಾದು' ಅಂದಳು."

"ಹಂಗಾದ್ರೆ ಮೊದಲಿನ ಸಾಲನ್ನ ಅಳಿಸಿ ಬಿಸಾಕೋದಲ್ವಾ?"

"ಅಳಿಸಲ್ಲ. ಇಲ್ಲಿನ ಕಟ್ಟುಪಾಡೇ ಅದು. ಹೇಳಿದವರು ಹೇಳಿದ್ದೆಲ್ಲ ಉಳೀಬೇಕು, ತಪ್ಪೂ ಉಳೀಬೇಕು. ನಾಳೆ ಇನ್ನೊಬ್ಬರು ಅದೇ ತಪ್ಪು ಹೇಳಿದಾಗ, ಇದು ತಪ್ಪು ಅಂತ ಮೊದಲೇ ಗೊತ್ತಿರಬೇಕು. ಅದಕ್ಕೇ ಸಾಲಿನ ತಲೆಗೊಂದು ಬಾಲಕ್ಕೊಂದು ಈ ಸಣ್ಣ ಅಡ್ಡಗೆರೆ. ಅಚ್ಚು ಹಾಕಿದಾಗ ಸಾಲಿನ ನಡುವೆ ಉದ್ದಕ್ಕೆ ಗೆರೆ ಎಳೆದು ಬರುತ್ತೆ. ಓದಿದವರಿಗೆ ಇದು ಹೊಡೆದದ್ದು ಅಂತ ತಿಳಿಯುತ್ತೆ."

"ಮತ್ತೆ ಈ ಪುಟದಲ್ಲಿ?"

"ಇವರು ಹೋದ ವಾರ ನಮ್ಮ ಪುಟಗಳನ್ನೆಲ್ಲ ತಮ್ಮ ಸಾಫ್ಟ್‌ವೇರಿಗೆ ತುಂಬಿಕೊಂಡರು. ಚೆಂದ ಮಾಡಿಕೊಡ್ತೀನಿ ಅಂತ. ಅದು ಈ ಗುರುತನ್ನು ಕಸ ಅಂದುಕೊಂಡು ಗುಡಿಸಿ ಹಾಕಿದೆ. ಸತ್ತ ಸಾಲು ಎದ್ದು ಕೂತಿದೆ."

ಜವರಪ್ಪ ಪರದೆಗೆ ಮುಖ ತಂದು ನೋಡಿದ. ಉಗುರಿನಷ್ಟೂ ಇಲ್ಲದ ಎರಡು ಗೆರೆ. ಅವು ಬಿದ್ದುಹೋದದ್ದಕ್ಕೆ ಒಂದು ಜೀವ?

"ಸಾರ್, ಇವರ ಮಾತು ನಂಬ್ಬೇಡಿ," ನಾಗಾರ್ಜುನ ಎದ್ದು ನಿಂತ. "ಎರಡು ಸಾವಿರದ ಆರನೇ ಇಸವೀಲೂ ನೋಟ್‌ಪ್ಯಾಡಲ್ಲಿ ಚುಕ್ಕಿ, ನಕ್ಷತ್ರ ಇಟ್ಟು ರಂಗೋಲಿ ಹಾಕೋ ಜನ. ನನ್ನದರಲ್ಲಿ ಗುಂಡಿ ಒತ್ತಿದ್ರೆ ಬಣ್ಣ, ಗುಂಡಿ ಒತ್ತಿದ್ರೆ ಫೋಟೊ, ಗುಂಡಿ ಒತ್ತಿದ್ರೆ ಬೇಕಾದ ಗಿಡ ಹುಡುಕಿ ಕೊಡುತ್ತೆ. ಅಮ್ನೋರಿಗೆ ಅದು ಹಿಡಿಸ್ತು. ಮೇಷ್ಟ್ರಿಗೆ ಹೊಟ್ಟೆ ಉರಿ."

"ನಿನ್ನ ಕಂಪನಿ ಬಾಗಿಲು ಹಾಕಿದ ದಿನ ಯಾವ ಗುಂಡಿ ಒತ್ತೋಣಪ್ಪ?"

"ಬಾಯಲ್ಲಿ ಒಳ್ಳೆ ಮಾತು ಬರಲ್ವಾ ನಿಮಗೆ?"

"ಬರಲ್ಲ." ಮೇಷ್ಟ್ರು ಅವನ ಕಡೆ ತಿರುಗಿದರು. "ತೊಂಬತ್ತೆಂಟರಲ್ಲಿ ನಿನ್ನ ಹಾಗೇ ಒಬ್ಬ ಬಂದು ಚೆಂದದ ಸಾಫ್ಟ್‌ವೇರ್ ಕೊಟ್ಟು ಹೋದ. ವರ್ಷಗಟ್ಟಲೆ ಅದರಲ್ಲಿ ಟೈಪ್ ಮಾಡಿದೆವು. ಕಂಪ್ಯೂಟರ್ ಬದಲಾಯಿಸಿದ ದಿನ ತೆರೆದರೆ ಒಂದಕ್ಷರ ಕನ್ನಡ ಇಲ್ಲ. ಬರೀ ಕೊಕ್ಕೆ, ಸೊನ್ನೆ, ಪ್ರಶ್ನೆ ಗುರುತು. ಮದ್ದು ಹೇಳಿದ ಮುದುಕಿಯರು ಅಷ್ಟರಲ್ಲಿ ಮಣ್ಣಾಗಿದ್ದರು. ಯಾರ ಗುಂಡಿಗೆ ಹೋಗಿ ಇನ್ನೊಂದು ಸಲ ಕೇಳಲಿ ನಾನು? ಅವತ್ತೇ ತೀರ್ಮಾನ ಮಾಡಿದೆ. ಬರಿಯ ಅಕ್ಷರ, ನಾಲ್ಕು ಗುರುತು, ಸಾಕು. ಯಾವ ಕಂಪ್ಯೂಟರಲ್ಲಾದರೂ ತೆರೆಯುತ್ತೆ, ಯಾರ ಅಪ್ಪಣೆಯೂ ಬೇಡ. ಇದರಲ್ಲಿ ಮುಚ್ಚಿಡೋಕೆ ಜಾಗವೇ ಇಲ್ಲ."

ಜವರಪ್ಪನಿಗೆ ಮೇಷ್ಟ್ರು ಹಿಡಿಸಿದರು. ಅವನ ಸಿಟ್ಟಿಗೆ ಈಗ ಬೇರೆ ದಾರಿ ಸಿಕ್ಕಿತ್ತು. ತಿರುಗಿ ನಾಗಾರ್ಜುನನ ಕಾಲರಿಗೇ ಕೈ ಹಾಕಿದ.

"ಲೇ, ನಿನ್ನ ಡಬ್ಬ ಒಂದು ಹೆಂಗಸನ್ನ ತಿಂದು ಹಾಕಿದೆ. ಇನ್ನೊಬ್ಬಳನ್ನ ಜೈಲಿಗೆ ತಳ್ತಾ ಇದೆ. ತೆಗೆಯೋ ಅದನ್ನ! ನನ್ನ ಕಣ್ಣೆದುರಿಗೇ ಈ ಪುಟ ತುಂಬಿಸು. ಹೆಂಗೆ ಗೆರೆ ನುಂಗ್ತದೆ ನೋಡೇಬಿಡ್ತೀನಿ."

ನಾಗಾರ್ಜುನ ಬೆವರುತ್ತಲೇ ಲ್ಯಾಪ್‌ಟಾಪ್ ತೆರೆದ. ಮುದ್ದಮ್ಮನ ಪುಟವನ್ನು ಪೆನ್‌ಡ್ರೈವಿನಲ್ಲಿ ಎತ್ತಿ ತನ್ನ ಸಾಫ್ಟ್‌ವೇರಿಗೆ ತುಂಬಿದ. ಪರದೆಯ ಮೇಲೆ ಹಸಿರು ಅಂಚು, ನಡುವೆ ದಪ್ಪ ಅಕ್ಷರದ ತಲೆಬರಹ.

ಅದರ ಕೆಳಗೆ 'ಬೇರು ಜಜ್ಜಿ ಕಾಸಿ ಕುಡಿಸಬೇಕು' ಎಂಬ ಸಾಲು. ಅದರ ನಡುವೆ, ಈ ತುದಿಯಿಂದ ಆ ತುದಿಗೆ, ನೆಟ್ಟಗೆ ಎಳೆದ ಗೆರೆ.



"ನೋಡಿ ಸಾರ್!" ನಾಗಾರ್ಜುನ ಪರದೆಗೆ ಬೆರಳು ಕುಟ್ಟಿದ. "ನುಂಗಿಲ್ಲ. ಗೆರೆ ಇದೆ!"

"ಇನ್ನೊಂದು ಪುಟ ತುಂಬಿಸು."

ಅದರಲ್ಲೂ ಹೊಡೆದ ಸಾಲು ಹೊಡೆದ ಹಾಗೇ ಬಂತು. ಮೂರನೆಯದರಲ್ಲೂ ಬಂತು.

ಜವರಪ್ಪ ಕಾಲರ್ ಬಿಟ್ಟು, ಮುದುರಿದ ಬಟ್ಟೆಯನ್ನು ತಾನೇ ಸರಿ ಮಾಡಿದ. "ತಪ್ಪಾಯ್ತು ಕಣಪ್ಪ. ನನ್ನ ಕೈ ಮನಸ್ಸಿಗಿಂತ ಮುಂದೆ ಓಡ್ತದೆ. ನೀನು ಹೋಗು. ಕೆಳಗೆ ನಮ್ಮ ಜೀಪ್ ಇದೆ, ಎಲ್ಲಿಗೆ ಬೇಕೋ ಬಿಡಿಸಿಕೋ. ನಮ್ಮ ರಾಮಯ್ಯನಿಗೆ ಹೇಳು, ನಾನಂದೆ ಅಂತ."

ನಾಗಾರ್ಜುನ ಲ್ಯಾಪ್‌ಟಾಪ್ ಮಡಿಸಿಕೊಂಡು ಮೆಟ್ಟಿಲಿಳಿದು ಹೋದ. ಕೆಳಗೆ ಜೀಪು ಹೊರಟ ಸದ್ದು ಕೇಳಿತು. ಜವರಪ್ಪನ ತಲೆಯಲ್ಲಿ ಒಂದೇ ಮಾತು ಗಿರಗಿಟ್ಟಲೆ ಆಡುತ್ತಿತ್ತು. ಇವತ್ತು ತುಂಬಿದರೆ ಗೆರೆ ಬರುತ್ತದೆ. ಹೋದ ವಾರ ತುಂಬಿದಾಗ ಬಂದಿಲ್ಲ. ಅಂದರೆ ಹೋದ ವಾರ ಈ ಪುಟದಲ್ಲಿ ಗೆರೆಯೇ ಇರಲಿಲ್ಲ.

"ಮೇಷ್ಟ್ರೇ, ನಿಮ್ಮ ಪುಟಗಳೆಲ್ಲ ಸಾಲಾಗಿ ಕಾಣೋ ಹಂಗೆ ತೋರಿಸಿ. ಯಾವುದನ್ನ ಯಾವಾಗ ತಿದ್ದಿದ್ದು ಅಂತ ಪಕ್ಕದಲ್ಲಿ ತಾರೀಖು ಬರ್ತದಲ್ಲ, ಹಂಗೆ. ನಮ್ಮ ಆಫೀಸಲ್ಲಿ ನೋಡಿದ್ದೀನಿ."

ಮೃತ್ಯುಂಜಯ ಕೈ ಎತ್ತಲಿಲ್ಲ.

"ತೋರಿಸ್ರೀ!"

ಸಣ್ಣಮಾದಯ್ಯನೇ ಮೌಸ್ ಹಿಡಿದ. ಅವನ ಮಗಳು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಅಷ್ಟು ಅವನಿಗೂ ಬರುತ್ತಿತ್ತು. ಪುಟಗಳ ಹೆಸರು ಸಾಲಾಗಿ ಬಂದವು. ಎಲ್ಲವೂ ಹೋದ ವರ್ಷದವು, ಅದಕ್ಕಿಂತ ಹಿಂದಿನವು. ಮೇಲಿದ್ದ ಒಂದರ ಮುಂದೆ ಮಾತ್ರ ಇವತ್ತಿನ ತಾರೀಖು.

ಮುದ್ದಮ್ಮನ ಪುಟ.

"ಇವತ್ತು ಬೆಳಿಗ್ಗೆ ತಿದ್ದಿದ್ದಾರೆ ಸಾರ್," ಸಣ್ಣಮಾದಯ್ಯ ಪಿಸುಗುಟ್ಟಿದ. "ನಾವು ಬರೋದಕ್ಕೆ ಸ್ವಲ್ಪ ಮೊದಲು."

ಜವರಪ್ಪ ಮೇಷ್ಟ್ರ ಎದುರಿಗೆ ಸ್ಟೂಲು ಎಳೆದುಕೊಂಡು ಕೂತ. ಈ ಸಲ ಕೂಗಲಿಲ್ಲ. ಅವನು ಕೂಗದಿದ್ದರೆ ಸಣ್ಣಮಾದಯ್ಯನಿಗೆ ಇನ್ನೂ ಹೆದರಿಕೆ.

"ಈ ಬಾಗಿಲ ಬೀಗದ ಕೈ ಎಷ್ಟಿವೆ?"

"ಎರಡು. ಒಂದು ಸುಷ್ಮಾ ಹತ್ತಿರ."

"ಅದು ನನ್ನ ಜೇಬಲ್ಲಿದೆ. ಇನ್ನೊಂದು?"

ಮೇಷ್ಟ್ರು ಸುಮ್ಮನೆ ತಮ್ಮ ಜೇಬು ಮುಟ್ಟಿಕೊಂಡರು.

"ಗೆರೆ ತೆಗೆದೋರೂ ನೀವು, ಈಗ ಹಾಕಿದೋರೂ ನೀವು. ಯಾಕ್ರೀ? ಆಯಮ್ಮ ನಿಮಗೇನು ಮಾಡಿತ್ತು?"

"ಅವರನ್ನ ಕೊಲ್ಲೋಕಲ್ಲ!" ಮೃತ್ಯುಂಜಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಆ ಚಾಮುಂಡಿ ಆಣೆಗೂ ಅಲ್ಲ. ಮೂರು ತಿಂಗಳಿಂದ ಹೇಳ್ತಿದ್ದೆ, ಬರಿಯ ಅಕ್ಷರವೋ ಬಣ್ಣದ ಸಾಫ್ಟ್‌ವೇರೋ, ಯಾವುದನ್ನ ಆರಿಸಬೇಕು ಅಂತ ಯೋಚನೆ ಮಾಡಿ ಅಂತ. ಅವರ ಕಣ್ಣಿಗೆ ಬಣ್ಣ ಚೆಂದ ಕಾಣಿಸ್ತು. ನನ್ನ ಮಾತು ಹಳೆ ಮೇಷ್ಟ್ರ ಹಟ ಆಯ್ತು. ಅದಕ್ಕೇ ನಾಗಾರ್ಜುನ ತುಂಬಿಕೊಳ್ಳೋ ಹಿಂದಿನ ದಿನ ಈ ಒಂದು ಪುಟದ ಗೆರೆ ತೆಗೆದೆ. ಮಾರನೇ ದಿನದ ಸಭೇಲಿ ಎಲ್ಲರೆದುರು ಎತ್ತಿ ತೋರಿಸಿ, 'ನೋಡಿ, ನಿಮ್ಮ ಚೆಂದದ ಸಾಫ್ಟ್‌ವೇರ್ ಜೀವ ತೆಗೆಯುತ್ತೆ' ಅನ್ನಬೇಕು ಅಂತಿದ್ದೆ. ಅಷ್ಟೇ."

"ತೋರಿಸಿದ್ರಾ?"

"ಸಭೆ ಶುರುವಾಗ್ತಿದ್ದಂಗೇ ಕರೆಂಟ್ ಹೋಯ್ತು. ಸಭೆ ಮುಂದಕ್ಕೆ ಹಾಕಿದ್ರು. ನಾನು... ಹೇಗೂ ಮುಂದಿನ ಸಭೆಗೆ ಬೇಕಲ್ಲ ಅಂತ ಹಾಗೇ ಬಿಟ್ಟೆ. ಅಮ್ಮನಿಗೆ ಮಂಡಿ ನೋವು ಅಂತ ಗೊತ್ತಿತ್ತು. ಅವರು ಅದೇ ಪುಟ ಕೇಳ್ತಾರೆ ಅಂತ ಗೊತ್ತಿರಲಿಲ್ಲ."

"ಒಂದು ಹೆಣ್ಣುಮಗು ಬೆಳಗಿನಿಂದ ಠಾಣೆಯಲ್ಲಿ ಕೂತಿದೆಯಲ್ಲೋ!" ಜವರಪ್ಪನ ಕೈ ಮೇಲೆದ್ದೇ ಬಿಟ್ಟಿತು. "ಅವಳನ್ನ ಬಲಿ ಕೊಟ್ಟು, ಬೆಳಗಾಗೆದ್ದು ಬಂದು ಗೆರೆ ಹಾಕ್ಕೊಂಡು ಕೂತ್ಕೊಂಡ್ಯಾ? ಮೇಷ್ಟ್ರಾ ನೀನು?"

ಸಣ್ಣಮಾದಯ್ಯ ಆ ಮುಷ್ಟಿಯನ್ನು ಗಾಳಿಯಲ್ಲೇ ಹಿಡಿದುಕೊಂಡ. "ಬ್ಯಾಡಿ ಸಾರ್. ವಯಸ್ಸಾದೋರು. ಏಟು ತಡೆಯಾಕಿಲ್ಲ."

ಜೀಪು ಇರಲಿಲ್ಲ. ಮೂವರೂ ಒಂದೇ ಆಟೋದಲ್ಲಿ ಒತ್ತಿಕೊಂಡು ಕೂತು ಠಾಣೆಗೆ ಹೊರಟರು. ನಡುವೆ ಕೂತ ಮೃತ್ಯುಂಜಯ ದಾರಿಯುದ್ದಕ್ಕೂ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು.

ಠಾಣೆಯ ಒಳಕೋಣೆಯಲ್ಲಿ ಸುಷ್ಮಾ ಬೆಂಚಿನ ತುದಿಗೆ ಕೂತಿದ್ದಳು. ಪಕ್ಕದಲ್ಲಿ ಮಹಿಳಾ ಪೇದೆ ಚಾಮುಂಡಮ್ಮ. ನಡುವೆ ಪೊಟ್ಟಣದಲ್ಲಿ ಮುಟ್ಟದ ಇಡ್ಲಿ.

"ಎದ್ದೇಳು ಮಗಳೇ," ಜವರಪ್ಪ ಮೃದುವಾಗಿ ಮಾತಾಡಲು ಹೋದ. ರೂಢಿಯಿಲ್ಲದ ದನಿ ಒಡಕಾಗಿ ಬಂತು. "ಮನೆಗೆ ಹೋಗು. ಇದು ಕೊಲೆ ಅಲ್ಲ. ಓದಿದೋರ ದಡ್ಡತನ. ಗೆರೆ ತೆಗೆದದ್ದು ನಿಮ್ಮ ಮೇಷ್ಟ್ರು, ಒಪ್ಕೊಂಡಿದ್ದಾರೆ. ಆಯಮ್ಮ ಪುಟದಲ್ಲಿದ್ದ ಹಂಗೇ ಮಾಡಿ ಕುಡಿದುಬುಟ್ಟವ್ರೆ. ನಿಂದೇನೂ ತಪ್ಪಿಲ್ಲ."

ಸುಷ್ಮಾ ನಂಬದವಳ ಹಾಗೆ ಮೇಷ್ಟ್ರ ಮುಖ ನೋಡಿದಳು. ಅವರು ತಲೆ ತಗ್ಗಿಸಿದರು.

"ಪುಟದಲ್ಲಿದ್ದ ಹಂಗೇ ಅಂದ್ರೆ? ಸಾರ್, ಒಂದು ಸಲ ಆ ಪುಟ ತೋರಿಸ್ತೀರಾ?"

ಆಗ ಜವರಪ್ಪನಿಗೆ ಹೊಳೆಯಿತು. ಬೆಳಿಗ್ಗೆ ಅವಳ ಮನೆಯ ಬಾಗಿಲಲ್ಲಿ ನಿಂತು, "ಆಯಮ್ಮನಿಗೆ ಪುಟ ಅಚ್ಚು ಹಾಕಿ ಕೊಟ್ಟೋಳು ನೀನೇ ತಾನೆ?" ಎಂದು ಗದರಿದ್ದ. ಅವಳು ಹೌದು ಎಂದಿದ್ದಳು. ಅಷ್ಟಕ್ಕೇ ಜೀಪು ಹತ್ತಿಸಿದ್ದ. ಪುಟವನ್ನು ಅವಳಿಗೆ ತೋರಿಸಿಯೇ ಇರಲಿಲ್ಲ.

ಪ್ಲಾಸ್ಟಿಕ್ ಕವರನ್ನು ಅವಳ ಕೈಗಿಟ್ಟ. ಅವಳು ಒಂದು ಮಗ್ಗುಲು ನೋಡಿದಳು, ತಿರುಗಿಸಿ ಇನ್ನೊಂದು ಮಗ್ಗುಲು ನೋಡಿದಳು, ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು.

"ಇದು ನಾನು ಕೊಟ್ಟ ಪುಟ ಅಲ್ಲ."

"ಏನಂದೆ?"

"ಸುಮ್ನಿರವ್ವ," ಚಾಮುಂಡಮ್ಮ ಅವಳ ಸೆರಗು ಜಗ್ಗಿದಳು. "ಮನೀಗೋಗು ಅಂದ್ರಲ್ಲ ಸಾಹೇಬ್ರು. ಎದ್ದೋಗು."

"ಅಕ್ಷರ ಅದೇ ಸಾರ್. ಕಾಗದ ಅದಲ್ಲ. ಮುದ್ದಮ್ಮಜ್ಜಿ ಎದುರು ಕೂತು ಬರ್ಕೊಂಡು ಬಂದೋಳೇ ನಾನು. ಯಾವ ಸಾಲು ಹೊಡೀಬೇಕು ಅಂತ ನನಗೆ ಗೊತ್ತಿಲ್ವಾ? ಹೊಸ ಸಾಫ್ಟ್‌ವೇರಿಂದ ಅಚ್ಚು ತೆಗೆದಾಗ ಗೆರೆ ಇರಲಿಲ್ಲ. ಅಮ್ಮನ ಎದುರಿಗೇ ಕೆಂಪು ಪೆನ್ನಲ್ಲಿ ಆ ಸಾಲಿನ ಉದ್ದಕ್ಕೂ ಗೆರೆ ಎಳೆದೆ. ಪಕ್ಕದಲ್ಲಿ 'ಕುಡಿಯಬಾರದು' ಅಂತ ದಪ್ಪಕ್ಕೆ ಬರೆದೂ ಕೊಟ್ಟೆ."

ಜವರಪ್ಪ ಕವರನ್ನು ಕಿತ್ತುಕೊಂಡ. ಕಣ್ಣಿಗೆ ಹತ್ತಿರ ಹಿಡಿದ. ಕಪ್ಪು ಅಚ್ಚು, ಬಿಳಿ ಕಾಗದ. ಕೆಂಪಿನ ಒಂದು ಚುಕ್ಕೆಯೂ ಇಲ್ಲ.

"ಆಯಮ್ಮ ಏನಂದ್ರು?"

"ಯಾಕೆ ಮಗಳೇ ಈ ಗೀಟು ಅಂದ್ರು. ಹೇಳಿದೆ. ಸಿಟ್ಟು ಬಂತು ಅವರಿಗೆ. 'ಜೀವ ಉಳಿಸೋ ಗೆರೇನ ನುಂಗೋ ಯಂತ್ರ ನಮಗೆ ಬೇಡ. ಮೃತ್ಯುಂಜಯ ಬಡ್ಕೊಂಡದ್ದೇ ಸರಿ' ಅಂದ್ರು. ಅಲ್ಲೇ ಫೋನ್ ತಗೊಂಡು ನಾಗಾರ್ಜುನ ಅವರಿಗೆ ಮಾಡಿದ್ರು. 'ನಿನ್ನ ಸಾಫ್ಟ್‌ವೇರು ಬೇಡಪ್ಪ. ಊರಲ್ಲಿ ಬೇರೆ ಯಾರಾದ್ರೂ ಕೇಳಿದ್ರೂ ಬೇಡ ಅಂತಲೇ ಹೇಳ್ತೀನಿ. ಯಾಕೆ ಅಂತ ಬೇಕಾದ್ರೆ ನಾಳೆ ಬೆಳಿಗ್ಗೆ ಮನೆಗೆ ಬಾ, ತೋರಿಸ್ತೀನಿ' ಅಂದ್ರು. ಮಾರನೇ ದಿನ ಬೆಳಿಗ್ಗೆ..."



ಮೃತ್ಯುಂಜಯ ತಗ್ಗಿಸಿದ ತಲೆ ಎತ್ತಿದರು. "ಬಡ್ಕೊಂಡದ್ದೇ ಸರಿ ಅಂದ್ರಾ? ಒಪ್ಪಿದ್ರಾ ಅವರು?" ಎಂದು ಯಾರನ್ನೋ ಕೇಳಿದರು.

ಕುಡಿಯಬಾರದು ಎಂದು ತಿಳಿದಿದ್ದ ಹೆಂಗಸು ಕುಡಿದಿದ್ದಾಳೆ. ಅಂದರೆ ಕುಡಿಸಿದ್ದಾರೆ. ಕುಡಿಸಿದ ಕೈಯೇ ಕೆಂಪು ಗೆರೆಯ ಪುಟವನ್ನು ಮಾಯ ಮಾಡಿ, ಗೆರೆಯಿಲ್ಲದ ಇನ್ನೊಂದನ್ನು ಅಚ್ಚು ಹಾಕಿ ತಂದಿಟ್ಟಿದೆ.

ಜವರಪ್ಪ ಹುಡುಗಿಯ ಕಡೆ ತಿರುಗಿದ. ಅವನಿಗೆ ಅವಳ ಮೇಲೆ ಸಿಟ್ಟೇ ಬಂತು.

"ನೀನು ಬಾಯಿ ಮುಚ್ಕೊಂಡಿದ್ರೆ ಈಗ ಬಸ್ಸಲ್ಲಿರ್ತಿದ್ದೆಯಲ್ಲಮ್ಮ! ನಿನ್ನ ಮಾತಿಗೆ ಸಾಕ್ಷಿ ಯಾರು? ಸತ್ತೋರು. ಆ ಕೆಂಪು ಗೆರೆ ಪುಟ ಸಿಗದಿದ್ರೆ ಕೋರ್ಟಿನ ಲೆಕ್ಕಕ್ಕೆ ನೀನು ಕೊಟ್ಟ ಪುಟ ಇದೇ. ಇದು ಮತ್ತೆ ಕೊಲೆ ಅಂದ್ರೆ, ಮೊದಲ ಹೆಸರು ನಿಂದೇ. ಸಂಜೆ ನಿನ್ನನ್ನ ಕರ್ಕೊಂಡು ಹೋಗ್ಬೇಕಾದೋನೂ ನಾನೇ. ತಿಳೀತಾ?"

"ತಿಳೀತು ಸಾರ್." ಸುಷ್ಮಾ ಬೆಂಚಿನ ಮೇಲೆ ತಾನಾಗಿಯೇ ಮತ್ತೆ ಕೂತಳು. "ಹಂಗಂತ ನಾನು ಹೊಡೆದ ಗೆರೇನ ಹೊಡೆದಿಲ್ಲ ಅಂತ ಹೇಳಿ ಹೋಗೋಕಾಗುತ್ತಾ? ಈ ಪುಟ ನಿಮಗೆ ಕೊಟ್ಟೋರು ಯಾರು ಸಾರ್?"

ಮೊನ್ನೆಯ ಆ ಬೆಳಗು ಜವರಪ್ಪನ ಕಣ್ಣ ಮುಂದೆ ಬಂತು. ಮಂಚದ ಮೇಲೆ ಗಿರಿಜಾಂಬಾ. ಮಂಚದ ಕಾಲಿಗೆ ಒರಗಿ ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದ ಒಬ್ಬ ಗಂಡಸು. "ನೋಡಿ ಸಾರ್, ಇದನ್ನ ನಂಬ್ಕೊಂಡು ಕುಡಿದಿದ್ದಾರೆ" ಎಂದು ದಿಂಬಿನಡಿಯಿಂದ ಈ ಪುಟ ಎಳೆದು ಅವನ ಕೈಗಿಟ್ಟ ಗಂಡಸು. ತಾಯಿ ಸಮಾನ ಎನ್ನುತ್ತಿದ್ದವನು.

"ಸಣ್ಣಮಾದಯ್ಯ! ನಾಗಾರ್ಜುನನ ಮನೆಗೆ ಓಡು. ಆ ಲ್ಯಾಪ್‌ಟಾಪ್ ಮುಟ್ಟೋಕೆ ಬಿಡಬೇಡ ಅವನನ್ನ!"

ಸಣ್ಣಮಾದಯ್ಯ ಬಾಗಿಲಿಗೆ ಹಾರಿದ. ಹೊಸ್ತಿಲಲ್ಲೇ ಜೀಪಿನ ಡ್ರೈವರ್ ರಾಮಯ್ಯನಿಗೆ ಡಿಕ್ಕಿ ಹೊಡೆದ. ರಾಮಯ್ಯ ಟೋಪಿ ಸರಿ ಮಾಡಿಕೊಂಡು ಸಾಹೇಬರಿಗೆ ಸಲಾಮು ಹೊಡೆದ. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿ ಬಂದವನ ಸಮಾಧಾನ ಅವನ ಮುಖದಲ್ಲಿತ್ತು.

"ಬಿಟ್ಟು ಬಂದೆ ಸಾರ್ ಅವರನ್ನ."

"ಮನೆಗಾ?"

"ಮನೆಗಲ್ಲ ಸಾರ್. ರೈಲ್ವೆ ಸ್ಟೇಷನ್‌ಗೆ ಬಿಡಿ ಅಂದ್ರು, ಅರ್ಜೆಂಟು ಅಂತ. ಅಲ್ಲಿ ನೋಡಿದ್ರೆ ಇಷ್ಟುದ್ದ ಕ್ಯೂ. ನಮ್ಮ ಜವರಪ್ಪ ಸಾಹೇಬ್ರ ಕಡೆಯೋರು ಅಂತ ಹೇಳಿ ಟಿಕೆಟ್ ನಾನೇ ಕೊಡಿಸ್ಬುಟ್ಟೆ. ಸೀಟು ಹಿಡಿದು ಕೂರಿಸಿ, ಗಾಡಿ ಹೊರಡೋವರೆಗೂ ನಿಂತಿದ್ದು ಬಂದೆ."